ಸವೆದ ಕ್ಯಾಟಲಿಸ್ಟ್ ಹೂಳಬೇಡಿ! ಲೋಹ ತೆಗೆಯಿರಿ, ನಮ್ಮ ಹೊಳೆಯ ನೀರು ಉಳಿಸಿ!

ಕುತ್ತೆತ್ತೂರು, ಪೆರ್ಮುದೆ, ಕಳವಾರು, ಜೋಕಟ್ಟೆ, ತೋಕೂರು, ಬೈಕಂಪಾಡಿ, ಪಣಂಬೂರು, ಕುಳಾಯಿ, ಸುರತ್ಕಲ್‌ನ ಬಂಧುಗಳೇ,
ಶಟ್‌ಡೌನ್ ಕೆಲಸಕ್ಕೆ ಹೋಗುವ ಕಾರ್ಮಿಕರೇ, ಲಾರಿ ಚಾಲಕರೇ, ಗುಜರಿ ವ್ಯಾಪಾರಿಗಳೇ, ಫಲ್ಗುಣಿ ಹೊಳೆಯಲ್ಲಿ ಬಲೆ ಬೀಸುವವರೇ, ಪಂಚಾಯತ್ ಸದಸ್ಯರೇ,

ನಮ್ಮ ಊರಿನ ದೊಡ್ಡ ಕಾರ್ಖಾನೆಗಳು ವರ್ಷಕ್ಕೆ ಎಷ್ಟು ಪೆಟ್ರೋಲು, ಡೀಸೆಲು, ಯೂರಿಯಾ ತಯಾರಿಸುತ್ತವೆ ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಆ ಕೆಲಸ ಮಾಡಿ ಸವೆದುಹೋದ ಕ್ಯಾಟಲಿಸ್ಟ್ ಎಷ್ಟು ಟನ್ ಹೊರಬಿತ್ತು, ಯಾವ ಲಾರಿ ಹತ್ತಿ ಯಾವ ಊರಿಗೆ ಹೋಯಿತು, ಅದರೊಳಗಿದ್ದ ನಿಕ್ಕಲ್, ಕೋಬಾಲ್ಟ್, ಮಾಲಿಬ್ಡಿನಂ, ವೆನೇಡಿಯಂ ಯಾರ ಕೈ ಸೇರಿತು ಎಂಬುದು ಬರುವುದಿಲ್ಲ. ಇದನ್ನು ಕೇಳುವ ಹಕ್ಕು ನಮಗಿದೆ. ಒಬ್ಬೊಬ್ಬರೇ ಕೇಳಿದರೆ ಸಾಲದು, ಊರೂರು ಸೇರಿ ಕೇಳಬೇಕು. ಅದಕ್ಕಾಗಿ ಈ ಕರಪತ್ರ.

ನಮ್ಮ ಬೇಡಿಕೆ ಒಂದೇ. ಇಲ್ಲಿ ಹೊರಬೀಳುವ ಸವೆದ ಕ್ಯಾಟಲಿಸ್ಟ್ ಗುಂಡಿಗೂ ಹೋಗಬಾರದು, ಸಿಮೆಂಟ್ ಗೂಡಿಗೂ ಹೋಗಬಾರದು. ಅದರಿಂದ ಲೋಹವನ್ನು ಕಾನೂನುಬದ್ಧವಾಗಿ, ಸುರಕ್ಷಿತವಾಗಿ ಹೊರತೆಗೆಯಬೇಕು. ತೆಗೆದದ್ದರಲ್ಲಿ ಒಂದು ಪಾಲು ಇಲ್ಲಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕೊಳಚೆ ನೀರನ್ನು ಶುದ್ಧ ಮಾಡಲು ಮರಳಿ ಬರಬೇಕು. ಯಾವ ಕಾರ್ಖಾನೆಯನ್ನೂ ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಮನೆಗಳ ಮಕ್ಕಳೇ ಅಲ್ಲಿ ದುಡಿಯುತ್ತಿದ್ದಾರೆ.

ಈ ಕ್ಯಾಟಲಿಸ್ಟ್ ಅಂದರೆ ಏನು?

ಕಚ್ಚಾತೈಲದಲ್ಲಿ ಗಂಧಕ ಇರುತ್ತದೆ. ಅದನ್ನು ತೆಗೆಯದೆ ಡೀಸೆಲ್ ಮಾರುವಂತಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಇಂಧನ ಬಂದಿದೆ. ಹತ್ತು ಲಕ್ಷ ಭಾಗ ಇಂಧನದಲ್ಲಿ ಹತ್ತು ಭಾಗಕ್ಕಿಂತ ಹೆಚ್ಚು ಗಂಧಕ ಇರಬಾರದು. ಹಿಂದಿನ ಬಿಎಸ್-4ರಲ್ಲಿ ಐವತ್ತು ಭಾಗದವರೆಗೆ ಇರಬಹುದಿತ್ತು. ಹೀಗೆ ಗಂಧಕ ಕಳೆಯುವ ಕೆಲಸ ನಡೆಯುವುದು ರಿಯಾಕ್ಟರ್ ಎಂಬ ದಪ್ಪ ಉಕ್ಕಿನ ಗೋಪುರದೊಳಗೆ. ತೈಲವನ್ನೂ ಜಲಜನಕವನ್ನೂ ಭಾರೀ ಒತ್ತಡದಲ್ಲಿ, ಭಾರೀ ಶಾಖದಲ್ಲಿ ಅದರೊಳಗೆ ಹಾಯಿಸುತ್ತಾರೆ. ಗೋಪುರದ ತುಂಬ ಒಣ ಶ್ಯಾವಿಗೆಯ ಚೂರುಗಳಂಥ ಸಣ್ಣ ಸಣ್ಣ ಕಡ್ಡಿಗಳು. ಅವೇ ಕ್ಯಾಟಲಿಸ್ಟ್. ಅಲ್ಯುಮಿನಾದ ಮೈ, ಅದರ ರಂಧ್ರ ರಂಧ್ರದಲ್ಲಿ ಮಾಲಿಬ್ಡಿನಂ, ಜೊತೆಗೆ ನಿಕ್ಕಲ್ ಅಥವಾ ಕೋಬಾಲ್ಟ್. ನೂರು ಕಿಲೋ ಹೊಸ ಕ್ಯಾಟಲಿಸ್ಟ್‌ನಲ್ಲಿ ಮಾಲಿಬ್ಡಿನಂ ಒಂದೇ ಹತ್ತು ಕಿಲೋದ ಆಸುಪಾಸು ಇರುತ್ತದೆ.

ಎರಡು-ಮೂರು ವರ್ಷ ದುಡಿಯುವಷ್ಟರಲ್ಲಿ ಅದರ ಮೈಮೇಲೆ ಮಸಿ ಕಟ್ಟುತ್ತದೆ, ಗಂಧಕ ಕೂರುತ್ತದೆ. ಕಚ್ಚಾತೈಲದಲ್ಲೇ ಇದ್ದ ವೆನೇಡಿಯಂ, ನಿಕ್ಕಲ್ ಬಂದು ರಂಧ್ರಗಳನ್ನು ಮುಚ್ಚುತ್ತವೆ. ಆಗ ಶಟ್‌ಡೌನ್ ಮಾಡಿ ಅದನ್ನೆಲ್ಲ ಇಳಿಸಿ ಹೊಸದು ತುಂಬುತ್ತಾರೆ. ಗಮನಿಸಿ: ಹೊಸದಾಗಿ ಒಳಗೆ ಹೋಗುವಾಗ ಇದ್ದ ಲೋಹಕ್ಕೆ ತೈಲದಿಂದ ಬಂದ ಲೋಹವೂ ಸೇರಿದೆ. ಲೋಹದ ಮಟ್ಟಿಗೆ ಸವೆದದ್ದು ಹೊಸದಕ್ಕಿಂತ ಶ್ರೀಮಂತ.

ಈಗ ಗಣಿಯ ಲೆಕ್ಕ ನೋಡಿ. ಮಾಲಿಬ್ಡಿನಂ ಅದಿರು ಅಗೆಯುವ ಕಡೆ ಸಾವಿರ ಕಿಲೋ ಕಲ್ಲು ಒಡೆದರೆ ಸಿಗುವುದು ಒಂದೆರಡು ಕಿಲೋ ಲೋಹ, ಎಷ್ಟೋ ಗಣಿಗಳಲ್ಲಿ ಅಷ್ಟೂ ಇಲ್ಲ. ಕಾರ್ಖಾನೆಯ ಗೇಟಿನಿಂದ ಹೊರಬೀಳುವ ಸಾವಿರ ಕಿಲೋ ಸವೆದ ಕ್ಯಾಟಲಿಸ್ಟ್‌ನಲ್ಲಿ ಅದು ಹತ್ತಾರು ಕಿಲೋ ಇದೆ. ಕೋಬಾಲ್ಟ್, ನಿಕ್ಕಲ್‌ಗಳಿಗೆ ನಮ್ಮ ದೇಶ ಹೊರದೇಶಗಳ ಮುಂದೆ ಕೈಯೊಡ್ಡಿ ನಿಂತಿದೆ. ಕೇಂದ್ರ ಸರ್ಕಾರವೇ 2023ರಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರಡಿಸಿತು. ಅದರಲ್ಲಿ ನಿಕ್ಕಲ್, ಕೋಬಾಲ್ಟ್, ಮಾಲಿಬ್ಡಿನಂ, ವೆನೇಡಿಯಂ, ತಾಮ್ರ ಎಲ್ಲವೂ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಇಂಥ ಖನಿಜಗಳನ್ನು ತ್ಯಾಜ್ಯದಿಂದ ಮರಳಿ ಪಡೆಯುವವರಿಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಹಣ ಇದೆ, ಪಟ್ಟಿ ಇದೆ, ಲೋಹ ನಮ್ಮ ಮಗ್ಗುಲಲ್ಲೇ ಇದೆ. ಹೀಗಿರುವಾಗ ಒಂದು ಹಿಡಿಯೂ ಮಣ್ಣುಪಾಲಾಗಬಾರದು.

ಇಲ್ಲಿಯೇ ಏಕೆ?

ಕರ್ನಾಟಕದಲ್ಲಿ ಇಷ್ಟು ಬಗೆಯ ಕ್ಯಾಟಲಿಸ್ಟ್ ಇಷ್ಟು ಹತ್ತಿರ ಹತ್ತಿರ ಬಳಕೆಯಾಗುವ ಜಾಗ ಬೇರೆ ಇಲ್ಲ. 1988ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಉತ್ಪಾದನೆ ಶುರುಮಾಡಿದ ಎಂಆರ್‌ಪಿಎಲ್ ರಿಫೈನರಿ ಇಂದು ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯದ್ದು. ಅಲ್ಲಿ ಭಾರದ ತೈಲ ಒಡೆಯುವ ಹೈಡ್ರೋಕ್ರ್ಯಾಕರ್‌ಗಳಿವೆ, ಎಫ್‌ಸಿಸಿ ಘಟಕವೂ ಇದೆ. ಪಣಂಬೂರಿನ ರಸಗೊಬ್ಬರ ಕಾರ್ಖಾನೆ 1976ರಿಂದ ಅಮೋನಿಯಾ, ಯೂರಿಯಾ ತಯಾರಿಸುತ್ತ ಬಂದಿದೆ. ಅಮೋನಿಯಾ ತಯಾರಿಕೆಯ ಒಂದೊಂದು ಹಂತಕ್ಕೂ ಒಂದೊಂದು ಕ್ಯಾಟಲಿಸ್ಟ್ ಬೇಕು: ಒಂದೆಡೆ ನಿಕ್ಕಲ್, ಒಂದೆಡೆ ಕಬ್ಬಿಣ-ಕ್ರೋಮಿಯಂ, ಇನ್ನೊಂದೆಡೆ ತಾಮ್ರ-ಸತು, ಕೊನೆಯಲ್ಲಿ ಕಬ್ಬಿಣ. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಅನಿಲ ಕೊಳವೆ ಉದ್ಘಾಟನೆಯಾಯಿತು. ಗೊಬ್ಬರ ಕಾರ್ಖಾನೆಗೆ ಕಚ್ಚಾವಸ್ತುವಾಗಿದ್ದ ನಾಫ್ತಾದ ಜಾಗಕ್ಕೆ ಅನಿಲ ಬಂದರೂ ಈ ಕ್ಯಾಟಲಿಸ್ಟ್‌ಗಳ ಅಗತ್ಯ ತಪ್ಪಲಿಲ್ಲ.

ಇವೆಲ್ಲದರ ನಡುವೆ ಬೈಕಂಪಾಡಿ. ಅಲ್ಲಿ ಖಾದ್ಯತೈಲ ಶುದ್ಧೀಕರಣ, ಮೀನು ಸಂಸ್ಕರಣೆ, ರಾಸಾಯನಿಕ, ಇನ್ನೂ ನೂರಾರು ಸಣ್ಣ ಘಟಕಗಳಿವೆ. ಅವುಗಳ ಸುತ್ತಲಿನ ತೋಡುಗಳೆಲ್ಲ ಕೊನೆಗೆ ಸೇರುವುದು ಫಲ್ಗುಣಿಯನ್ನು. ತೋಕೂರು ಹಳ್ಳದ ನೀರು ಬಣ್ಣ ಬದಲಾಗಿದ್ದನ್ನು, ಮೀನು ಸತ್ತು ತೇಲಿದ್ದನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. ಇದಕ್ಕೆ ಯಾರು ಹೊಣೆ ಎಂದು ಈ ಕಾಗದದಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ, ಅದನ್ನು ತೀರ್ಮಾನಿಸಬೇಕಾದದ್ದು ಮಾದರಿ ತೆಗೆದು ಪರೀಕ್ಷಿಸುವ ಅಧಿಕಾರಿಗಳು. ನಾವು ಹೇಳುತ್ತಿರುವುದು ಇಷ್ಟು: ಕೊಳಚೆ ನೀರಿನ ಸಂಕಟವೂ ಇಲ್ಲೇ ಇದೆ, ಅದನ್ನು ಕಳೆಯಬಲ್ಲ ಲೋಹವೂ ಇಲ್ಲೇ ಇದೆ. ಇವೆರಡನ್ನೂ ಜೋಡಿಸುವವರು ಬೇಕು.

ನೀರಿನ ಬೆಲೆ ನಮಗೆ ಗೊತ್ತು. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಾಡಿದು. ಆದರೂ 2016ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ, ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿನ ನಲ್ಲಿಗಳಿಗೆ ಪಾಳಿ ಬಂತು. ರಿಫೈನರಿ ಕೂಡ ಘಟಕಗಳನ್ನು ನಿಲ್ಲಿಸಬೇಕಾಯಿತು. ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸದೆ ಊರಿಗೂ ಗತಿಯಿಲ್ಲ, ಕಾರ್ಖಾನೆಗೂ ಗತಿಯಿಲ್ಲ.

ಲೋಹ ಹೊರಬರುವ ದಾರಿ

ಇದು ಕನಸಿನ ಮಾತಲ್ಲ. ಅಮೆರಿಕದ ಒಹಾಯೊ ರಾಜ್ಯದ ಕೇಂಬ್ರಿಡ್ಜ್ ಎಂಬ ಊರಿನಲ್ಲಿ ರಿಫೈನರಿಗಳ ಸವೆದ ಕ್ಯಾಟಲಿಸ್ಟ್‌ನಿಂದ ಉಕ್ಕಿಗೆ ಬೇಕಾದ ಫೆರೋವೆನೇಡಿಯಂ ತಯಾರಿಸುವ ದೊಡ್ಡ ಕಾರ್ಖಾನೆಯೇ ಇದೆ. ಬಳಕೆಯಲ್ಲಿರುವ ಇನ್ನೊಂದು ದಾರಿ ಹೀಗೆ. ಮೊದಲು ಕ್ಯಾಟಲಿಸ್ಟನ್ನು ಕುಲುಮೆಯಲ್ಲಿ ಹುರಿದು ಎಣ್ಣೆ, ಮಸಿ, ಗಂಧಕ ಕಳೆಯುತ್ತಾರೆ. ಆಮೇಲೆ ಸೋಡಾ ಬೂದಿ ಬೆರೆಸಿ ಮತ್ತೆ ಕಾಯಿಸುತ್ತಾರೆ. ಆಗ ಮಾಲಿಬ್ಡಿನಂ, ವೆನೇಡಿಯಂ ಎರಡೂ ನೀರಿನಲ್ಲಿ ಕರಗುವ ಲವಣಗಳಾಗುತ್ತವೆ. ಬಿಸಿನೀರಿನಲ್ಲಿ ಅವನ್ನು ತೊಳೆದು ತೆಗೆದು, ಅಮೋನಿಯಂ ಲವಣ ಹಾಕಿದರೆ ವೆನೇಡಿಯಂ ತಳಕ್ಕಿಳಿಯುತ್ತದೆ. ಆಮ್ಲೀಯಗೊಳಿಸಿ ಮಾಲಿಬ್ಡಿನಂ ಬೇರ್ಪಡಿಸಬಹುದು. ಉಳಿದ ಗಷ್ಟಿನಲ್ಲಿ ನಿಕ್ಕಲ್, ಕೋಬಾಲ್ಟ್, ಅಲ್ಯುಮಿನಾ ಇರುತ್ತವೆ. ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಒಂದೊಂದಾಗಿ ಬಿಡಿಸುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹುರಿಯುವಾಗ ಗಂಧಕದ ಡೈಆಕ್ಸೈಡ್ ಹೊಗೆ ಏಳುತ್ತದೆ. ತೊಳೆದ ನೀರಿನಲ್ಲಿ ಅಮೋನಿಯಾ, ಉಪ್ಪು ಉಳಿಯುತ್ತವೆ. ಹೊಗೆಗೆ ಸ್ಕ್ರಬ್ಬರ್ ಇಲ್ಲದ, ನೀರಿಗೆ ಸಂಸ್ಕರಣೆ ಇಲ್ಲದ ಘಟಕ ಬಂದರೆ ಒಂದು ಮಾಲಿನ್ಯ ಕಳೆಯಲು ಹೋಗಿ ಇನ್ನೊಂದನ್ನು ಮನೆಗೆ ಕರೆತಂದಂತಾಗುತ್ತದೆ. ಯಾರದೋ ಹಿತ್ತಿಲಿನ ಶೆಡ್ಡಿನಲ್ಲಿ ಡ್ರಮ್ಮಿನಲ್ಲಿ ಆಸಿಡ್ ಸುರಿದು ಲೋಹ ಕರಗಿಸುವ ದಂಧೆಯನ್ನು ನಾವು ಖಂಡಿತ ಒಪ್ಪುವುದಿಲ್ಲ. ಅಂಥದ್ದು ಕಂಡರೆ ಮೊದಲು ದೂರು ಕೊಡುವವರು ನಾವೇ ಆಗಿರಬೇಕು.

ಆ ಲೋಹ ನೀರನ್ನು ಹೇಗೆ ಶುದ್ಧ ಮಾಡುತ್ತದೆ?

ಎಲ್ಲಕ್ಕಿಂತ ಸುಲಭವಾದದ್ದು ಅಲ್ಯುಮಿನಾ. ಸವೆದ ಕ್ಯಾಟಲಿಸ್ಟ್‌ನ ತೂಕದಲ್ಲಿ ದೊಡ್ಡ ಪಾಲು ಅದೇ. ಗಂಧಕಾಮ್ಲದಲ್ಲಿ ಕರಗಿಸಿ ಲೋಹ ಬೇರ್ಪಡಿಸಿದ ಮೇಲೆ ಒಂದು ಕಿಲೋ ಅಲ್ಯುಮಿನಾದಿಂದ ಐದು ಕಿಲೋಗೂ ಹೆಚ್ಚು ಆಲಂ ಆಗುತ್ತದೆ. ಕಲಕಿದ ನೀರನ್ನು ತಿಳಿಯಾಗಿಸಲು ಟ್ರೀಟ್‌ಮೆಂಟ್ ಪ್ಲಾಂಟುಗಳು ದಿನವೂ ಕೊಳ್ಳುವುದು ಇದನ್ನೇ. ಆದರೆ ಹೀಗೆ ಬಂದ ಆಲಂ ಕೈಗಾರಿಕೆಯ ಕೊಳಚೆ ನೀರಿಗೆ ಮಾತ್ರ ಬಳಕೆಯಾಗಬೇಕು. ಕುಡಿಯುವ ನೀರಿನ ಹತ್ತಿರ ಅದು ಸುಳಿಯಬಾರದು.

ಎರಡನೆಯದು ಲ್ಯಾಂಥನಂ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬೈಕಂಪಾಡಿಗೆ ಇದು ನೇರವಾಗಿ ತಾಗುವ ವಿಷಯ. ರಿಫೈನರಿಗಳ ಎಫ್‌ಸಿಸಿ ಘಟಕದ ಕ್ಯಾಟಲಿಸ್ಟ್ ಬೇರೆ ಜಾತಿಯದು. ಹಿಟ್ಟಿನಷ್ಟು ನುಣುಪು ಪುಡಿ, ಅದರಲ್ಲಿ ಜಿಯೋಲೈಟ್, ಜೊತೆಗೆ ಲ್ಯಾಂಥನಂನಂಥ ವಿರಳ ಭಸ್ಮ ಲೋಹಗಳು. ನೂರು ಕಿಲೋದಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಕಿಲೋ. ಈ ಪುಡಿಯನ್ನು ಸಿಮೆಂಟ್ ಗೂಡಿಗೆ ಕಳಿಸುವುದು ಎಲ್ಲೆಡೆ ಇರುವ ರೂಢಿ. ಅಲ್ಲಿಗೆ ಹೋದ ಲ್ಯಾಂಥನಂ ಕಾಂಕ್ರೀಟಿನಲ್ಲಿ ಸೇರಿ ಶಾಶ್ವತವಾಗಿ ಕೈತಪ್ಪಿತು. ಆದರೆ ಲ್ಯಾಂಥನಂಗೆ ಒಂದು ಗುಣವಿದೆ. ನೀರಿನಲ್ಲಿ ಫಾಸ್ಫೇಟ್ ಕಂಡರೆ ಹಿಡಿದುಕೊಂಡು ಕರಗದ ಕಣವಾಗಿ ತಳಕ್ಕೆ ಕೂರುತ್ತದೆ, ಮತ್ತೆ ಸುಲಭಕ್ಕೆ ಬಿಡುವುದಿಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ 1990ರ ದಶಕದಲ್ಲಿ ಲ್ಯಾಂಥನಂ ಸೇರಿಸಿದ ಜೇಡಿಯನ್ನು ಇದೇ ಕೆಲಸಕ್ಕೆ ರೂಪಿಸಿತು. ಪಾಚಿಗಟ್ಟಿದ ಕೆರೆಗಳಿಗೆ ಅದನ್ನು ಹಲವು ದೇಶಗಳಲ್ಲಿ ಬಳಸಿದ್ದಾರೆ.

ಖಾದ್ಯತೈಲ ಶುದ್ಧೀಕರಣದಲ್ಲಿ ಎಣ್ಣೆಯ ಅಂಟು ಕಳೆಯಲು ಫಾಸ್ಫಾರಿಕ್ ಆಮ್ಲ ಹಾಕುತ್ತಾರೆ. ಆದ್ದರಿಂದ ಆ ಘಟಕಗಳ ಕೊಳಚೆ ನೀರಿನಲ್ಲಿ ಫಾಸ್ಫೇಟ್ ಇದ್ದೇ ಇರುತ್ತದೆ. ಹೊಳೆ-ತೋಡಿಗೆ ಬಿಡುವ ನೀರಿನಲ್ಲಿ ಕರಗಿದ ಫಾಸ್ಫೇಟ್, ರಂಜಕದ ಲೆಕ್ಕದಲ್ಲಿ, ಲೀಟರಿಗೆ 5 ಮಿಲಿಗ್ರಾಂ ಮೀರಬಾರದೆಂದು ಪರಿಸರ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಒಂದು ಕಿಲೋ ರಂಜಕ ಹಿಡಿಯಲು ಸುಮಾರು ನಾಲ್ಕೂವರೆ ಕಿಲೋ ಲ್ಯಾಂಥನಂ ಬೇಕು. ಒಂದು ಟನ್ ಎಫ್‌ಸಿಸಿ ಪುಡಿಯಿಂದ 20 ಕಿಲೋ ಲ್ಯಾಂಥನಂ ಕೈಗೆ ಬಂತೆಂದು ಇಟ್ಟುಕೊಳ್ಳಿ. ಲೀಟರಿಗೆ 10 ಮಿಲಿಗ್ರಾಂ ರಂಜಕ ಇದ್ದ ನೀರನ್ನು 5ಕ್ಕೆ ಇಳಿಸುವುದಾದರೆ ಅದು ಸುಮಾರು ಒಂಬತ್ತು ಲಕ್ಷ ಲೀಟರ್ ನೀರಿಗೆ ಸಾಕು. ಇದು ಅದ್ಭುತವೇನೂ ಅಲ್ಲ. ಮೊದಲ ಹೊರೆಯನ್ನು ಆಲಂ ಇಳಿಸಬೇಕು, ಕೊನೆಯ ಹಂತದಲ್ಲಿ ಉಳಿದ ಚೂರುಪಾರನ್ನು ಲ್ಯಾಂಥನಂ ಹಿಡಿಯಬೇಕು. ಹಾಗೆ ಮಾಡಿದರೆ ಈ ಲೆಕ್ಕ ಇನ್ನೂ ಎಷ್ಟೋ ಪಾಲು ನೀರಿಗೆ ಹಿಗ್ಗುತ್ತದೆ.

ಕಬ್ಬಿಣ, ತಾಮ್ರದ ದಾರಿ ಬೇರೆ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಕಬ್ಬಿಣ ಸೇರಿದರೆ ಬಲವಾದ ಉತ್ಕರ್ಷಣ ನಡೆಯುತ್ತದೆಂದು ಫೆಂಟನ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ 1894ರಲ್ಲೇ ತೋರಿಸಿದ್ದ. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಜಗ್ಗದ ಫೀನಾಲ್, ಬಣ್ಣದ ರಾಸಾಯನಿಕಗಳನ್ನು ಇದು ಒಡೆದುಹಾಕುತ್ತದೆ. ಅಮೋನಿಯಾ ಘಟಕದ ಸವೆದ ಕಬ್ಬಿಣ, ತಾಮ್ರದ ಕ್ಯಾಟಲಿಸ್ಟ್‌ಗಳಿಂದ ಈ ಕೆಲಸಕ್ಕೆ ಬೇಕಾದ ಆಕ್ಸೈಡ್ ಮಾಡಬಹುದು. ಚೀನಾದ ಪೆಟ್ರೋಲಿಯಂ ಸಂಶೋಧಕರು ಸವೆದ ಎಫ್‌ಸಿಸಿ ಪುಡಿಯನ್ನೇ ಸಂಸ್ಕರಿಸಿ, ಓಝೋನ್ ಜೊತೆ ಬಳಸಿ ತೈಲೋದ್ಯಮದ ಕೊಳಚೆ ನೀರಿನ ಮೇಲೆ ಪ್ರಯೋಗ ಮಾಡಿದ್ದಾರೆ.

ಮೀನು ಸಂಸ್ಕರಣೆಯವರಿಗೆ ಒಂದು ವಿಶೇಷ ಸಂಗತಿ. ನಿಮ್ಮ ನೀರಿನಲ್ಲಿ ಕೊಬ್ಬು, ಪ್ರೋಟೀನು ತುಂಬಿರುವುದರಿಂದ ಗಾಳಿಯಾಡದ ಟ್ಯಾಂಕಿನಲ್ಲಿ ಕೊಳೆಸಿ ಬಯೋಗ್ಯಾಸ್ ಪಡೆಯುವುದು ಒಳ್ಳೆಯ ವಿಧಾನ. ಮೀಥೇನ್ ತಯಾರಿಸುವ ಆ ಸೂಕ್ಷ್ಮಜೀವಿಗಳು ನಿಕ್ಕಲ್, ಕೋಬಾಲ್ಟ್ ಇಲ್ಲದೆ ಬದುಕಲಾರವು. ಅವುಗಳ ಕಿಣ್ವದ ನಡುವೆ ನಿಕ್ಕಲ್ ಪರಮಾಣು ಕೂತಿರುತ್ತದೆ, ಅವು ಬಳಸುವ ಬಿ-12 ಬಗೆಯ ಅಣುವಿನಲ್ಲಿ ಕೋಬಾಲ್ಟ್ ಇರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂನ ಸಣ್ಣ ಭಾಗ ಸಾಕು. ಟ್ಯಾಂಕ್ ಮಂದವಾದಾಗ ಈ ಲೋಹಗಳ ಲವಣವನ್ನು ಅಳತೆಯಿಟ್ಟು ಹಾಕುವುದು ಬಯೋಗ್ಯಾಸ್ ಘಟಕಗಳಲ್ಲಿ ಈಗಾಗಲೇ ಇರುವ ಪದ್ಧತಿ. ಹೊರಗಿನಿಂದ ಕೊಳ್ಳುವ ಆ ಲವಣ ಇಲ್ಲಿನ ಕ್ಯಾಟಲಿಸ್ಟ್‌ನಿಂದಲೇ ಏಕೆ ಬರಬಾರದು?

ಆದರೆ ಪುಡಿಯನ್ನು ಹಾಗೆಯೇ ನೀರಿಗೆ ಸುರಿಯುವಂತಿಲ್ಲ!

ಸವೆದ ಕ್ಯಾಟಲಿಸ್ಟನ್ನು ಶುದ್ಧೀಕರಿಸದೆ "ಮರುಬಳಕೆ" ಎಂದು ಟ್ಯಾಂಕಿಗೆ ಹಾಕುವುದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಅದರಿಂದ ನಿಕ್ಕಲ್, ವೆನೇಡಿಯಂ ಕರಗಿ ನೀರಿಗೆ ಬರುತ್ತವೆ. ಹೊರಬಿಡುವ ನೀರಿನಲ್ಲಿ ನಿಕ್ಕಲ್ ಲೀಟರಿಗೆ 3 ಮಿಲಿಗ್ರಾಂ, ವೆನೇಡಿಯಂ 0.2 ಮಿಲಿಗ್ರಾಂ ಮೀರಬಾರದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನಿಕ್ಕಲ್‌ಗೆ ಮಿತಿ 0.02, ಮಾಲಿಬ್ಡಿನಂಗೆ 0.07. ಎಷ್ಟು ಕಡಿಮೆ ನೋಡಿ. ಮೇವಿನಲ್ಲಿ ಮಾಲಿಬ್ಡಿನಂ ಹೆಚ್ಚಾದರೆ ದನಗಳಿಗೆ ತಾಮ್ರದ ಕೊರತೆಯ ಬೇನೆ ಬರುತ್ತದೆ, ಭೇದಿ ಹತ್ತುತ್ತದೆ, ಹಾಲು ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿಯೊಂದು ಪ್ರಯೋಗದ ಹೊರನೀರನ್ನೂ ಲೋಹಕ್ಕಾಗಿ ಪರೀಕ್ಷಿಸಬೇಕು, ಫಲಿತಾಂಶವನ್ನು ಪಂಚಾಯತಿಗೆ ಕೊಡಬೇಕು.

ಶಟ್‌ಡೌನ್ ಕಾರ್ಮಿಕ ಬಂಧುಗಳಿಗೆ

ಕ್ಯಾಟಲಿಸ್ಟ್ ಇಳಿಸುವ ಕೆಲಸ ಗುತ್ತಿಗೆಯ ಕಾರ್ಮಿಕರದು. ಸವೆದ ಕ್ಯಾಟಲಿಸ್ಟ್ ಗಾಳಿ ತಾಗಿದರೆ ತಾನಾಗಿ ಬಿಸಿಯಾಗುತ್ತದೆ, ಹೊತ್ತಿಕೊಳ್ಳಲೂಬಹುದು. ಅದಕ್ಕೇ ರಿಯಾಕ್ಟರ್ ಒಳಗೆ ನೈಟ್ರೋಜನ್ ತುಂಬಿರುತ್ತಾರೆ. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕ ಇರುತ್ತದೆ, ಆ ಗೋಪುರದೊಳಗೆ ಅದು ಇರುವುದೇ ಇಲ್ಲ. ಮುಖವಾಡ ಜಾರಿದರೆ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಎಳೆದು ತರಲು ಹೋದವನೂ ಬೀಳುತ್ತಾನೆ. ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್, ಮೇಲೆ ಕಾಯುವ ಇನ್ನೊಬ್ಬ, ಮಾತಾಡುವ ತಂತಿ, ಎತ್ತುವ ಹಗ್ಗ, ಪರ್ಮಿಟ್ ಇವಿಷ್ಟೂ ಇಲ್ಲದೆ ಒಳಗೆ ಇಳಿಯಬೇಡಿ. ಬಟ್ಟೆಯ ಮಾಸ್ಕ್ ಅಲ್ಲಿ ಏನೂ ಮಾಡದು. ನಿಕ್ಕಲ್ ಸಂಯುಕ್ತಗಳ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಇಟ್ಟಿದೆ. ಕೆಲಸದ ಬಟ್ಟೆಯನ್ನು ಮನೆಗೆ ತಂದು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಬಟ್ಟೆ ಒಗೆಸುವುದು ಕೆಲಸ ಕೊಟ್ಟವರ ಜವಾಬ್ದಾರಿಯಾಗಬೇಕು. ಅದನ್ನು ಕೇಳಿ, ಒಟ್ಟಿಗೆ ನಿಂತು ಕೇಳಿ.

ಮಳೆಗಾಲದಲ್ಲಿ ಇನ್ನೊಂದು ಅಪಾಯ. ಗಂಧಕ ಹಿಡಿದ ಕ್ಯಾಟಲಿಸ್ಟ್ ನೀರು ತಾಗಿದರೆ ವಿಷಾನಿಲ ಬಿಡಬಹುದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ತೆರೆದ ಡ್ರಮ್ಮು, ಸೋರುವ ಶೆಡ್ಡು ಕಂಡರೆ ಸುಮ್ಮನಿರಬೇಡಿ.

ಲಾರಿ ಚಾಲಕರಿಗೆ, ಗುಜರಿಯವರಿಗೆ

ಅಪಾಯಕಾರಿ ತ್ಯಾಜ್ಯ ಹೊತ್ತ ಲಾರಿಯಲ್ಲಿ ಫಾರಂ 10 ಎಂಬ ಮ್ಯಾನಿಫೆಸ್ಟ್ ಇರಬೇಕು. ಏನು ಸಾಗುತ್ತಿದೆ, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ ಎಲ್ಲವೂ ಅದರಲ್ಲಿ ಇರುತ್ತದೆ. ಫಾರಂ 9 ಎಂಬ ತುರ್ತು ಕಾರ್ಡು ಕೂಡ ನಿಮ್ಮ ಕೈಯಲ್ಲಿರಬೇಕು, ದಾರಿಯಲ್ಲಿ ಸೋರಿದರೆ, ಹೊತ್ತಿಕೊಂಡರೆ ಏನು ಮಾಡಬೇಕೆಂದು ಅದು ಹೇಳುತ್ತದೆ. ಡ್ರಮ್ಮಿನ ಮೇಲೆ ಲೇಬಲ್ ಇಲ್ಲದ ಲೋಡು ಎತ್ತಬೇಡಿ. ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿದರೆ ಸಿಕ್ಕಿಬೀಳುವುದು ನೀವು.

ಗುಜರಿ ಅಂಗಡಿಯ ಬಂಧುಗಳೇ, ಕಾರು, ವ್ಯಾನುಗಳ ಸೈಲೆನ್ಸರ್ ಜೊತೆ ಬರುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದೇ ಬಳಗದ್ದು. ಅದರ ಜೇನುಗೂಡಿನಂಥ ಪಿಂಗಾಣಿಯ ಮೇಲೆ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿರುತ್ತಾರೆ. ಆ ಕೆಲವು ಗ್ರಾಮಿಗಾಗಿಯೇ ದೇಶದ ಹಲವೆಡೆ ವ್ಯಾನುಗಳ ಸೈಲೆನ್ಸರ್ ಕಳವಾಗುತ್ತಿವೆ. ಬಿಲ್ ಇಲ್ಲದ ಸೈಲೆನ್ಸರ್ ಕೊಳ್ಳಬೇಡಿ. ಸುತ್ತಿಗೆಯಲ್ಲಿ ಒಡೆದು ಪುಡಿ ಮಾಡಬೇಡಿ, ಆ ಧೂಳು ನಿಮ್ಮ ಪುಪ್ಪುಸಕ್ಕೇ ಹೋಗುತ್ತದೆ. ಇಡಿಯಾಗಿ, ಪರವಾನಗಿ ಇರುವವರಿಗೆ, ರಶೀದಿ ಪಡೆದು ಮಾರಿ.

ಕಾನೂನು ನಮ್ಮ ಕಡೆ ಇದೆ

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳನ್ನು ಓದಿ. ತ್ಯಾಜ್ಯ ಆಗದಂತೆ ತಡೆಯುವುದು, ಕಡಿಮೆ ಮಾಡುವುದು, ಮರುಬಳಕೆ, ಮರುಚಕ್ರ, ಲೋಹ-ವಸ್ತು ಮರಳಿ ಪಡೆಯುವುದು, ಇವೆಲ್ಲ ಆದ ಮೇಲೆ ಕೊನೆಯದು ಹೂಳುವುದು. ಈ ಅನುಕ್ರಮವನ್ನು ನಿಯಮವೇ ಹಾಕಿಕೊಟ್ಟಿದೆ. ನಿಕ್ಕಲ್, ತಾಮ್ರ, ಸತು, ವೆನೇಡಿಯಂ, ಕೋಬಾಲ್ಟ್ ಇರುವ ಸವೆದ ಕ್ಯಾಟಲಿಸ್ಟ್ ಅದರ ನಾಲ್ಕನೆಯ ಅನುಸೂಚಿಯಲ್ಲಿ, ಮರುಚಕ್ರಕ್ಕೆ ಯೋಗ್ಯವಾದ ತ್ಯಾಜ್ಯಗಳ ಸಾಲಿನಲ್ಲಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಅದನ್ನು ಅಂಗಳದಲ್ಲಿ ಇಟ್ಟುಕೊಳ್ಳುವಂತಿಲ್ಲ. ಪ್ರತಿ ವರ್ಷ ಜೂನ್ 30ರೊಳಗೆ ಫಾರಂ 4ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲೆಕ್ಕ ಕೊಡಬೇಕು.

ಇದೇ ನಿಯಮಗಳ ಐದನೆಯ ನಿಯಮ ಬಹಳ ಮುಖ್ಯ, ಅದನ್ನು ಕೇಳುವವರೇ ಕಡಿಮೆ. ಕೈಗಾರಿಕಾ ಪ್ರದೇಶಗಳಲ್ಲಿ ತ್ಯಾಜ್ಯ ಮರುಚಕ್ರಕ್ಕೆ ಜಾಗ ಅಥವಾ ಶೆಡ್ ಮೀಸಲಿಡುವುದು ರಾಜ್ಯ ಸರ್ಕಾರದ ಕೈಗಾರಿಕಾ ಇಲಾಖೆಯ ಹೊಣೆ. ಮರುಚಕ್ರದ ಕೆಲಸದಲ್ಲಿರುವ ಕಾರ್ಮಿಕರನ್ನು ಗುರುತಿಸಿ ನೋಂದಾಯಿಸುವುದು, ತರಬೇತಿ ಕೊಡುವುದು, ವರ್ಷವರ್ಷ ಅವರ ಸುರಕ್ಷತೆ-ಆರೋಗ್ಯ ನೋಡುವುದು ಕಾರ್ಮಿಕ ಇಲಾಖೆಯ ಹೊಣೆ. ಬೈಕಂಪಾಡಿಯಲ್ಲಿ ಆ ಜಾಗ ಎಲ್ಲಿ? ಆ ನೋಂದಣಿ ಪುಸ್ತಕ ಎಲ್ಲಿ?

ಕಾನೂನಿನ ಜೊತೆಗೆ ವಿಜ್ಞಾನವೂ ಬೇಕು. ಸುರತ್ಕಲ್‌ನ ಎನ್‌ಐಟಿಕೆಯ ಅಧ್ಯಾಪಕರೇ, ವಿದ್ಯಾರ್ಥಿಗಳೇ, ನಿಮ್ಮಲ್ಲಿ ರಾಸಾಯನಿಕ ಎಂಜಿನಿಯರಿಂಗ್, ಲೋಹಶಾಸ್ತ್ರ ಎರಡೂ ವಿಭಾಗಗಳಿವೆ. 1960ರಿಂದ ಈ ಊರಿನ ಮಣ್ಣಿನ ಮೇಲೆ ನಿಮ್ಮ ಸಂಸ್ಥೆ ನಿಂತಿದೆ. ತೋಕೂರು ಹಳ್ಳದ ನೀರಿನ ಮಾದರಿ ತೆಗೆಯಲು, ಒಂದು ಸಣ್ಣ ಪ್ರಾಯೋಗಿಕ ಘಟಕ ಕಟ್ಟಲು ನಿಮಗಿಂತ ಹತ್ತಿರದವರು ಯಾರೂ ಇಲ್ಲ. ಬನ್ನಿ. ನಮ್ಮೊಡನೆ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿ.

ಈಗ ಮಾಡಬೇಕಾದದ್ದು

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಸವೆದ ಕ್ಯಾಟಲಿಸ್ಟ್‌ನ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮರುಚಕ್ರಕ್ಕೆ ಜಾಗ ಮೀಸಲಿಡಬೇಕು, ಪ್ರಾಯೋಗಿಕ ಘಟಕಕ್ಕೆ ಕೇಂದ್ರದ ಪ್ರೋತ್ಸಾಹ ಯೋಜನೆಯಡಿ ಅರ್ಜಿ ಹಾಕಬೇಕು, ಬರುವ ಆಲಂ, ಲ್ಯಾಂಥನಂಗಳ ಮೊದಲ ಬಳಕೆ ಬೈಕಂಪಾಡಿಯ ಕೊಳಚೆ ನೀರಿಗೇ ಆಗಬೇಕು ಎಂದು ನಿರ್ಣಯ ಮಾಡಿಸಿ. ಸಣ್ಣ ಉದ್ದಿಮೆದಾರರು ಕೂಡ ಈ ನಿರ್ಣಯದ ಜೊತೆ ನಿಲ್ಲಬೇಕೆಂದು ಕೋರುತ್ತೇವೆ, ಆಲಂ ಕೊಳ್ಳುವ ಖರ್ಚು ಉಳಿಯುವುದು ಮೊದಲು ನಿಮಗೆ.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಬೈಕಂಪಾಡಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಕೆಳಗಿನದನ್ನು ಹಾಗೆಯೇ ನಕಲು ಮಾಡಿಕೊಳ್ಳಿ:

"ಮಾನ್ಯರೇ, ಮಾಹಿತಿ ಹಕ್ಕು ಕಾಯ್ದೆ 2005ರಡಿ ಕೆಳಗಿನ ಮಾಹಿತಿ ನೀಡಬೇಕಾಗಿ ಕೋರುತ್ತೇನೆ. ತಮ್ಮ ಕಚೇರಿ ವ್ಯಾಪ್ತಿಯ ಉದ್ದಿಮೆಗಳು ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಫಾರಂ 4ರಲ್ಲಿ ವರದಿ ಮಾಡಿದ ಸವೆದ ಕ್ಯಾಟಲಿಸ್ಟ್‌ನ ಪ್ರಮಾಣ, ಉದ್ದಿಮೆವಾರು. ಅದರಲ್ಲಿ ಮರುಚಕ್ರಕ್ಕೆ, ಸಿಮೆಂಟ್ ಗೂಡಿಗೆ, ಭೂಭರ್ತಿಗೆ ಹೋದ ಪ್ರಮಾಣ ಪ್ರತ್ಯೇಕವಾಗಿ. ಅದನ್ನು ಪಡೆದ ಘಟಕಗಳ ಹೆಸರು ಮತ್ತು ಅವುಗಳ ಪರವಾನಗಿ ಸಂಖ್ಯೆ. ಇದೇ ಅವಧಿಯ ಫಾರಂ 10 ಮ್ಯಾನಿಫೆಸ್ಟ್‌ಗಳ ದೃಢೀಕೃತ ಪ್ರತಿ."

ಪೋಸ್ಟಲ್ ಆರ್ಡರ್ ನಂಬರನ್ನು ಬರೆದಿಟ್ಟುಕೊಳ್ಳಿ, ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಅದಕ್ಕೆ ಹೆದರಬೇಕಾದ್ದಿಲ್ಲ. ಉತ್ತರ ಬಂದ ದಿನವೇ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಪಂಚಾಯತ್ ನೋಟಿಸ್ ಬೋರ್ಡಿಗೆ, ಒಂದನ್ನು ಬಸ್ ನಿಲ್ದಾಣದ ಹೋಟೆಲಿನ ಗೋಡೆಗೆ, ಒಂದನ್ನು ಮೀನು ಮಾರುಕಟ್ಟೆಯ ಕಂಬಕ್ಕೆ ಅಂಟಿಸಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದವರಿಗೆ ಕೊಡಿ.

— ಫಲ್ಗುಣಿ ತೀರದ ನಿವಾಸಿಗಳು ಮತ್ತು ಕಾರ್ಮಿಕರು